ಲೈಸೆನ್ಸ್ ಸಿಗೋವರೆಗೆ

ನನ್ನ ಟೈರ್ ಅಂಗಡಿಯ ನೆತ್ತಿಯ ಮೇಲೇ ಅವರ ಮನೆ. ಕೆಳಗೆ ನಾನು ಪಂಕ್ಚರ್ ಹಾಕುತ್ತಾ ಕೂತಿದ್ದರೆ ಮೇಲೆ ಯಾರು ನಡೆದರು, ಯಾರ ಕೈಯಿಂದ ಪಾತ್ರೆ ಬಿತ್ತು, ಯಾರು ಯಾರ ಮೇಲೆ ರೇಗಿದರು, ಎಲ್ಲ ಕೇಳಿಸುತ್ತದೆ. ಹಾಗಾಗಿ ಇದರಲ್ಲಿ ಅರ್ಧ ನಾನು ಕಣ್ಣಾರೆ ಕಂಡದ್ದು, ಇನ್ನರ್ಧ ಚಾವಣಿಯಿಂದ ಸೋರಿ ಬಂದದ್ದು. ಅದರ ಮೇಲೂ ಉಳಿದದ್ದನ್ನು ಅಕ್ಕನೇ ಟೀ ಕುಡಿಯುತ್ತಾ ಹೇಳಿದ್ದಾರೆ.

ಅಕ್ಕ ಅಂದರೆ ಡ್ರೈವಿಂಗ್ ಸ್ಕೂಲ್ ನಡೆಸುವವರು. ಬೀದಿಯವರೆಲ್ಲ ಅವರನ್ನು ಬ್ರೇಕ್ ಅಕ್ಕ ಅನ್ನುತ್ತಾರೆ. ಕಲಿಸುವ ಕಾರಿನಲ್ಲಿ ಪಕ್ಕದ ಸೀಟಿನ ಕೆಳಗೂ ಒಂದು ಬ್ರೇಕ್ ಇರುತ್ತದಲ್ಲ, ವರ್ಷಾನುಗಟ್ಟಲೆ ಅದರ ಮೇಲೆ ಕಾಲಿಟ್ಟು ಕೂತು ಅವರಿಗೆ ಅದೇ ಅಭ್ಯಾಸ. ಬಸ್ಸಿನಲ್ಲಿ ನಿಂತಿದ್ದರೂ ಎದುರಿಗೆ ಲಾರಿ ಬಂದರೆ ನೆಲವನ್ನು ಒತ್ತುತ್ತಾರೆ. ಅವರಿಗೂ ಎಲ್ಲರಿಗೂ ಹೆಸರಿಡುವ ಚಟ, ಅದೂ ಶಿಷ್ಯರ ತಪ್ಪಿನ ಮೇಲೆ. ಸುಮ್ಮಸುಮ್ಮನೆ ಹಾರ್ನ್ ಹೊಡೆಯುವವನು ಹಾರ್ನಣ್ಣ. ಗೇರ್ ಹುಡುಕುತ್ತಾ ರಸ್ತೆ ಮರೆಯುವವರು ಗೇರಪ್ಪ. ಕ್ಲಚ್ಚಿನಿಂದ ಕಾಲು ತೆಗೆಯಲು ಒಪ್ಪದ ಒಬ್ಬ ಹುಡುಗಿ ಕ್ಲಚ್ಚಮ್ಮ. ಆ ಮನೆಗೆ ಮೊದಲು ಬಂದವಳು ಈ ಕ್ಲಚ್ಚಮ್ಮನೇ.

ಅವಳು ಸಾಕುಮನೆಯಲ್ಲಿ ಬೆಳೆದ ಹುಡುಗಿ. ಹೆತ್ತವರ ಜೊತೆ ಇರಲಾಗದ ಮಕ್ಕಳನ್ನು ಮಕ್ಕಳ ಇಲಾಖೆಯವರು ಒಂದೊಂದು ಕುಟುಂಬದಲ್ಲಿ ಇರಿಸುತ್ತಾರಲ್ಲ, ಹಾಗೆ. ಸಾಕಿದ ತಾಯಿ ಕೆಟ್ಟವಳೇನಲ್ಲ. ಜ್ವರ ಬಂದರೆ ಹಣೆ ಮುಟ್ಟಿ ನೋಡುತ್ತಿದ್ದವಳು. ಆದರೆ ಹದಿನೆಂಟು ತುಂಬಿದ ಕೂಡಲೇ ಇಲಾಖೆಯ ವ್ಯವಸ್ಥೆ ಮುಗಿಯುತ್ತದೆ. ಹುಡುಗಿಯ ಕೋಣೆಗೆ ಸಾಕುಮಕ್ಕಳಾಗಿ ಬೇರೆ ಪುಟ್ಟ ಅಣ್ಣ ತಂಗಿ ಇಬ್ಬರು ಬಂದರು. ಇಲಾಖೆಯವರು ಇವಳ ಬೆನ್ನು ತಟ್ಟಿ, ಒಂದು ಕೆಲಸ ಕಲಿತುಕೋ ಅಂತ ಹೊಲಿಗೆ, ಕಂಪ್ಯೂಟರ್, ಡ್ರೈವಿಂಗ್ ಮೂರರಲ್ಲಿ ಒಂದನ್ನು ಆರಿಸಲು ಹೇಳಿದರು. ಇವಳು ಡ್ರೈವಿಂಗ್ ಆರಿಸಿದಳು. ಯಾಕೆ ಅಂತ ಆಮೇಲೆ ನಾನೇ ಕೇಳಿದ್ದೆ. "ಕಾರಿಗೆ ಬಾಗಿಲಿದೆ, ಬೀಗ ಇದೆ, ಸೀಟು ಹಿಂದಕ್ಕೆ ಹೋಗುತ್ತೆ. ಕೊನೆಗೆ ಎಲ್ಲೂ ಆಗ್ಲಿಲ್ಲ ಅಂದ್ರೆ ಅದ್ರೊಳಗೇ ಮಲಗಬಹುದಲ್ಲ ಅಣ್ಣ" ಅಂದಳು. ಹದಿನೆಂಟರ ಹುಡುಗಿ ಕಾರನ್ನು ಆ ಕಣ್ಣಿನಿಂದ ನೋಡಬಹುದು ಅಂತ ನನಗೆ ಹೊಳೆದೇ ಇರಲಿಲ್ಲ.

ಪಾಠ ಮುಗಿದ ಮೇಲೆ ಶಿಷ್ಯರನ್ನು ಅವರವರ ಮನೆ ಹತ್ತಿರ ಇಳಿಸುವುದು ಅಕ್ಕನ ಪದ್ಧತಿ. ಈ ಹುಡುಗಿಯನ್ನು ಕೇಳಿದರೆ ಮೊದಲ ದಿನ ಅಂಚೆ ಕಚೇರಿ ಹತ್ತಿರ ಅಂದಳು. ಆಮೇಲೊಂದು ದಿನ ಸೇತುವೆ ಹತ್ತಿರ. ಇನ್ನೊಂದು ದಿನ ರೈಲ್ವೆ ಸ್ಟೇಷನ್. ಬೆನ್ನ ಮೇಲಿನ ಬ್ಯಾಗ್ ಮಾತ್ರ ಯಾವತ್ತೂ ಇಳಿಯುತ್ತಿರಲಿಲ್ಲ, ಸ್ಟೀರಿಂಗ್ ಹಿಂದೆ ಕೂತಾಗಲೂ ಬೆನ್ನಿಗೂ ಸೀಟಿಗೂ ನಡುವೆ ಅದು ಇರುತ್ತಿತ್ತು.

ಸ್ಟೇಷನ್ ಮುಂದೆ ಕಾರು ನಿಂತಾಗ ಅಕ್ಕ ಕೇಳಿದರಂತೆ, "ಯಾವ ಊರಿಗೆ ಹೋಗ್ತಿದೀಯಾ?"

"ಯಾವ ಊರಿಗೂ ಇಲ್ಲ ಮೇಡಂ. ಬಟ್ಟೆ ಅಂಗಡೀಲಿ ಜೊತೆ ಕೆಲಸ ಮಾಡೋಳ ರೂಮಲ್ಲಿದ್ದೆ. ಅವಳ ಅಣ್ಣ ಬಂದಿದ್ದಾನೆ. ಅವನು ಹೋಗೋವರೆಗೆ ವೇಟಿಂಗ್ ಹಾಲಲ್ಲಿ ಇರ್ತೀನಿ. ಫ್ಯಾನ್ ಇದೆ, ಲೈಟ್ ಇದೆ, ಪೊಲೀಸ್ ಇದ್ದಾರೆ, ಚೆನ್ನಾಗಿದೆ."

"ಚೆನ್ನಾಗಿದೆ" ಅನ್ನುವ ಆ ಮಾತು ಅಕ್ಕನ ಎದೆಗೆ ನಾಟಿತು. ಯಾಕೆಂದರೆ ಹದಿನೆಂಟರಲ್ಲಿ ಅವರೂ ಇದೇ ಮಾತು ಆಡಿದ್ದವರು. ಅಕ್ಕ ಕೂಡ ಸಾಕುಮನೆಗಳಲ್ಲೇ ಬೆಳೆದವರು, ಒಂದಲ್ಲ, ಮೂರು ಮನೆ. ಅವರದ್ದೊಂದು ಜೋಕಿದೆ: "ಭಾಷೆ ನೋಡಿ ಎಷ್ಟು ಸರಿಯಾಗಿದೆ. ಹದಿನೆಂಟರವರೆಗೆ ಸಾಕ್ತಾರೆ. ಹದಿನೆಂಟಾದ ಮೇಲೆ, ಸಾಕು ಅಂತಾರೆ." ಹೇಳಿ ತಾವೇ ಮೊದಲು ನಗುತ್ತಾರೆ. ಕೊನೆಯ ಮನೆ ಬಿಟ್ಟ ಮೇಲೆ ಅವರು ಒಂದು ಡ್ರೈವಿಂಗ್ ಸ್ಕೂಲಿನಲ್ಲಿ ಕಾರು ತೊಳೆಯುವ ಕೆಲಸಕ್ಕೆ ಸೇರಿದರು. ಅಲ್ಲಿ ಕಲಿಸುತ್ತಿದ್ದ ಯುವಕ ಇವರಿಗೂ ಸ್ಟೀರಿಂಗ್ ಹಿಡಿಯಲು ಕಲಿಸಿದ, ಆಮೇಲೆ ಕೈಯನ್ನೂ ಹಿಡಿದ.

ಆ ಯುವಕನ ತಾಯಿಯೇ ನಮ್ಮ ಅಜ್ಜಿ. ಕಟ್ಟಡ ಅವರದ್ದು, ಮೇಲಿನ ಮನೆಯೂ ಕೆಳಗಿನ ನನ್ನ ಅಂಗಡಿಯೂ. ಹಿಂದೆ ಮುಂದೆ ಯಾರೂ ಇಲ್ಲದ ಹುಡುಗಿಯನ್ನು ಮಗ ತಂದ ಅಂತ ಆಗ ಅವರು ಮಾತು ಬಿಟ್ಟಿದ್ದರಂತೆ. ಮಗ ಕಾಯಿಲೆಯಿಂದ ಹೋದಾಗ ನೆಂಟರು ಬಂದು, "ಇನ್ನು ಇವಳನ್ನ ಕಳಿಸಿಬಿಡಿ, ನಿಮಗ್ಯಾಕೆ ಭಾರ" ಅಂದರು. ಅಜ್ಜಿ, "ಕಳಿಸ್ತೀನಿ. ಅವಳ ಮನೆಗೇ ಕಳಿಸ್ಬೇಕು ತಾನೆ? ಲೇ, ಒಳಗೆ ಹೋಗು" ಅಂದರು. ಆವತ್ತಿನಿಂದ ಅತ್ತೆ ಸೊಸೆ ಇಬ್ಬರೇ. ಜಗಳಕ್ಕೆ ಕೊರತೆಯಿಲ್ಲ. ಆದರೆ ಒಬ್ಬರನ್ನು ಬಿಟ್ಟು ಒಬ್ಬರು ಊಟಕ್ಕೆ ಕೂತದ್ದನ್ನು ನಾನು ಕಂಡಿಲ್ಲ. "ನನಗೆ ತಾಯಿ ಸಿಕ್ಕಿದ್ದು ಗಂಡ ಹೋದ ಮೇಲೆ" ಅಂತ ಅಕ್ಕ ಒಮ್ಮೆ ಹೇಳಿದ್ದರು.

ಸ್ಟೇಷನ್ನಿಂದ ಅಕ್ಕ ಕಾರು ತಿರುಗಿಸಿದರು. ಸಂಜೆ ಆ ಹುಡುಗಿ ನನ್ನ ಅಂಗಡಿಯ ಪಕ್ಕದ ಮೆಟ್ಟಿಲು ಹತ್ತಿ ಹೋದದ್ದು ನೋಡಿದೆ. ಸ್ವಲ್ಪ ಹೊತ್ತಿಗೆ ಅಜ್ಜಿಯ ದನಿ ಕೆಳಗಿಳಿಯಿತು.

"ಇದೇನು ಮನೆಯೋ ಛತ್ರವೋ? ದಾರೀಲಿ ಸಿಕ್ಕವರನ್ನೆಲ್ಲ ಕರ್ಕೊಂಡು ಬರ್ತೀಯಲ್ಲ!"

"ದಾರೀಲಿ ಸಿಕ್ಕಿದ್ದಲ್ಲ ಅತ್ತೆ, ನನ್ನ ಸ್ಟೂಡೆಂಟು."

"ನಿನ್ನ ಸ್ಟೂಡೆಂಟ್‌ಗಳೆಲ್ಲ ಬಂದು ಮಲಗಿದ್ರೆ ನಾನು ಟೆರೇಸಿಗೆ ಹೋಗ್ಬೇಕಾಗುತ್ತೆ."

"ಲೈಸೆನ್ಸ್ ಸಿಗೋವರೆಗೆ ಇರಲಿ. ಆಮೇಲೆ ಕೆಲಸ ಸಿಗುತ್ತೆ, ದಾರಿ ನೋಡ್ಕೋತಾಳೆ."

ಅಜ್ಜಿ, "ಲೈಸೆನ್ಸ್ ಸಿಗೋವರೆಗೆ. ಆಮೇಲೆ ಒಂದು ದಿನವೂ ಇಲ್ಲ. ಕೇಳಿಸ್ತಾ ಹುಡುಗಿ?" ಅಂದರು. ಹುಡುಗಿಗೆ ಕೇಳಿಸಿತು. ಚೆನ್ನಾಗಿಯೇ ಕೇಳಿಸಿತು.

ರಸ್ತೆಯ ಕಡೆಗಿನ ಚಿಕ್ಕ ಕೋಣೆ ಅವಳದಾಯಿತು. ಅಲ್ಲಿ ಅಜ್ಜಿಯ ಮಗನ ಕಬ್ಬಿಣದ ಬೀರು ಇತ್ತು, ಅವನ ಬಟ್ಟೆಗಳು ಹಾಗೇ ಒಳಗಿದ್ದವು. ಅದನ್ನು ಯಾರೂ ಮುಟ್ಟುತ್ತಿರಲಿಲ್ಲ. ಹುಡುಗಿ ತನ್ನ ಬಟ್ಟೆಯನ್ನು ಬ್ಯಾಗಿನಲ್ಲೇ ಇಟ್ಟುಕೊಂಡಳು. ಬೇಕಾದದ್ದನ್ನು ತೆಗೆದು, ಒಗೆದು, ಒಣಗಿಸಿ, ಮಡಚಿ ಮತ್ತೆ ಬ್ಯಾಗಿಗೇ. ನೆಂಟರ ಮನೆಯಲ್ಲಿ ಇದ್ದ ಹಾಗೆ.

ಬೆಳಿಗ್ಗೆ ಡ್ರೈವಿಂಗ್, ಮಧ್ಯಾಹ್ನ ಬಟ್ಟೆ ಅಂಗಡಿಯಲ್ಲಿ ಕೆಲಸ, ಸಂಜೆ ಅಜ್ಜಿಯ ಶಾಲೆ. ಇಲ್ಲಿ ಕಲಿಸುತ್ತಿದ್ದದ್ದು ಬಹಳ ಚಿಕ್ಕ ಚಿಕ್ಕ ವಿಷಯ. ಈರುಳ್ಳಿ ಹೆಚ್ಚುವಾಗ ಬೆರಳು ಎಲ್ಲಿರಬೇಕು. ಗ್ಯಾಸ್ ವಾಸನೆ ಬಂದರೆ ಮೊದಲು ಯಾವ ಕಿಟಕಿ ತೆಗೆಯಬೇಕು. ಡಾಕ್ಟರ ಮುಂದೆ "ಏನೂ ಇಲ್ಲ ಸರ್" ಅನ್ನದೆ ನೋವು ಎಲ್ಲಿದೆ ಅಂತ ಹೇಗೆ ಹೇಳಬೇಕು. ಅಕ್ಕ ಹೇಳುತ್ತಿದ್ದರು, "ಅಪ್ಪ ಅಮ್ಮ ಇರೋ ಮಕ್ಕಳಿಗೆ ಇದನ್ನ ಯಾರೂ ಕಲಿಸಲ್ಲ. ಮನೇಲಿ ಓಡಾಡ್ತಾ ಇದ್ರೆ ಅಂಟಿಕೊಳ್ಳುತ್ತೆ, ಬಟ್ಟೆಗೆ ಒಗ್ಗರಣೆ ವಾಸನೆ ಅಂಟಿದ ಹಾಗೆ. ಮನೆ ಮನೆ ತಿರುಗಿದವರಿಗೆ ಅಂಟೋಕೆ ಟೈಮೇ ಇರಲ್ಲ."

ಹುಡುಗಿ ಕಾರು ಚೆನ್ನಾಗಿ ಕಲಿತಳು. ಕ್ಲಚ್ಚಿನ ಮೇಲಿನ ಕಾಲೂ ಸಡಿಲವಾಯಿತು. ನನ್ನ ಅಂಗಡಿ ಮುಂದಿನ ಇಕ್ಕಟ್ಟಿನಲ್ಲಿ, ಎರಡು ಲಾರಿಗಳ ನಡುವೆ, ಕನ್ನಡಿ ನೋಡಿಕೊಂಡು ಕಾರನ್ನು ಹಿಂದೆ ತಂದು ನಿಲ್ಲಿಸುತ್ತಿದ್ದಳು. ನೋಡಿದರೆ ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ. ಇವಳು ಮೊದಲ ಸಲಕ್ಕೇ ಪಾಸು ಅಂತ ನಾವೆಲ್ಲ ಅಂದುಕೊಂಡೆವು.

ಮೊದಲ ಸಲ ಪರೀಕ್ಷೆಯಲ್ಲಿ ಏರಿನ ಮೇಲೆ ಗಾಡಿ ನಿಂತುಹೋಯಿತು. ಹೆದರಿಕೆ ಅಂತ ಬಿಟ್ಟೆವು. ಎರಡನೇ ಸಲ ಅಕ್ಕ ಮೈದಾನದ ಬೇಲಿಯ ಆಚೆ ನಿಂತು ನೋಡುತ್ತಿದ್ದರು. ಹುಡುಗಿ ಎಲ್ಲ ಸರಿಯಾಗಿ ಮಾಡಿದಳು. ಕೊನೆಗೆ ಹಿಂದೆ ಬರುವಾಗ ಕನ್ನಡಿಯಲ್ಲಿ ನೋಡಿದಳು, ತಿರುಗಿಯೂ ನೋಡಿದಳು, ಆಮೇಲೆ ನಿಧಾನವಾಗಿ, ನೇರವಾಗಿ ಹೋಗಿ ಪ್ಲಾಸ್ಟಿಕ್ ಕಂಬವನ್ನು ಕೆಡವಿದಳು. ಫೇಲು.

ಆ ಸಂಜೆ ಅಕ್ಕ ನನಗೆ ಕಾರಿನ ಸ್ಟೆಪ್ನಿ ಟೈರು ತೋರಿಸಬೇಕು ಅಂತ ಕರೆದಿದ್ದರು. ಮೇಲೆ ಹೋದರೆ ಮೂವರೂ ಅಡುಗೆಮನೆಯ ಮೇಜಿನ ಸುತ್ತ. ಅಜ್ಜಿ ಬಟಾಣಿ ಬಿಡಿಸುತ್ತಿದ್ದರು. ಸ್ಟೆಪ್ನಿಯ ಮಾತು ಯಾರೂ ಎತ್ತಲಿಲ್ಲ. ನಾನು ಬಾಗಿಲಲ್ಲೇ ನಿಂತೆ.

"ಆ ಕಂಬ ಕಾಣ್ಲಿಲ್ವಾ?" ಅಕ್ಕ ಕೇಳಿದರು.

"ಕಾಣ್ತು."

"ಬ್ರೇಕ್ ಹಿಡೀಲಿಲ್ವಾ?"

"ಹಿಡೀತು."

"ಮತ್ತೆ?"

ಹುಡುಗಿ ತಲೆ ತಗ್ಗಿಸಿ ಬಟಾಣಿಯ ಸಿಪ್ಪೆಯೊಂದನ್ನು ಚೂರು ಚೂರು ಮಾಡುತ್ತಿದ್ದಳು. "ಪಾಸಾದ್ರೆ ಹೋಗ್ಬೇಕಲ್ಲ ಅಕ್ಕ" ಅಂದಳು. "ಲೈಸೆನ್ಸ್ ಸಿಗೋವರೆಗೆ ಅಂತ ಅಜ್ಜಿ ಹೇಳಿದ್ರಲ್ಲ. ಇನ್ನೊಂದು ಸ್ವಲ್ಪ ದಿನ ಇರ್ಬಹುದು ಅಂತ..."

ಅಜ್ಜಿಯ ಕೈ ನಿಂತಿತು. ಅಕ್ಕ ಅತ್ತೆಯ ಮುಖ ನೋಡಲಿಲ್ಲ, ಕಿಟಕಿಯ ಕಡೆ ನೋಡಿದರು.

"ಯಾರು ಹೇಳಿದ್ದು ಹಾಗಂತ?" ಅಜ್ಜಿ ಕೇಳಿದರು.

"ನೀವೇ ಅಜ್ಜಿ."

"ನಾನಾ? ನಂಗೆ ವಯಸ್ಸಾಯ್ತು ಕಣೇ. ಬೆಳಿಗ್ಗೆ ಆಡಿದ್ದು ಸಂಜೆಗೆ ನೆನಪಿರಲ್ಲ. ನಾನು ಬಾಯಿಗೆ ಬಂದಿದ್ದೆಲ್ಲ ಆಡ್ತೀನಿ, ನೀನು ಅದನ್ನ ಗಂಟು ಕಟ್ಟಿ ಇಟ್ಕೊಂಡು ಕಂಬಕ್ಕೆ ಗುದ್ತೀಯಾ? ಅದೇನು ತಲೆಯೋ, ತೆಂಗಿನಕಾಯೋ?"

ಅಜ್ಜಿಯ ನೆನಪು ಎಂಥದ್ದು ಅಂತ ನನಗೆ ಗೊತ್ತು. ನಮ್ಮಪ್ಪನ ಕಾಲದಲ್ಲಿ ಒಡೆದ ಕಿಟಕಿ ಗಾಜಿನ ಸುದ್ದಿ ಅವರು ಇವತ್ತಿಗೂ ಎತ್ತುತ್ತಾರೆ. ಹುಡುಗಿ ಅಳುತ್ತಿದ್ದಳು, ನಗುತ್ತಲೂ ಇದ್ದಳು.

ಮರುದಿನ ಬೆಳಿಗ್ಗೆ ಅಜ್ಜಿ ಮೆಟ್ಟಿಲ ಮೇಲಿಂದಲೇ ಕೂಗಿದರು, "ಏ ಟೈರು, ಮೇಲೆ ಬಾ. ಬೀರು ಜರುಗಿಸ್ಬೇಕು, ನಮ್ಮಿಬ್ಬರ ಕೈಲಿ ಆಗಲ್ಲ." ಹೋದೆ. ಬೀರುವಿನ ಬಾಗಿಲು ತೆರೆದಿತ್ತು. ಮಗನ ಅಂಗಿಗಳನ್ನೆಲ್ಲ ಅಜ್ಜಿ ಹಾಸಿಗೆಯ ಮೇಲೆ ಒಪ್ಪವಾಗಿ ಇರಿಸಿದ್ದರು. ಒಂದು ನೀಲಿ ಸ್ವೆಟರನ್ನು ತಮಗೆ ಅಂತ ತೆಗೆದಿಟ್ಟುಕೊಂಡರು, ಉಳಿದದ್ದನ್ನು ನನಗೆ ಕೊಟ್ಟು ಆಸ್ಪತ್ರೆಗೆ ಕೊಟ್ಟು ಬಾ ಅಂದರು. ಬೀರುವನ್ನು ಗೋಡೆಗೆ ಒತ್ತಿ, ಖಾಲಿ ಹಲಗೆಗಳನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, "ಹುಡುಗಿ, ನಿನ್ನ ಬಟ್ಟೆ ಇದರೊಳಗೆ ಇಡು. ಆ ಬ್ಯಾಗ್ ನೋಡಿದ್ರೆ ನಂಗೆ ಬಸ್ ಸ್ಟ್ಯಾಂಡಲ್ಲಿ ಕೂತ ಹಾಗಾಗುತ್ತೆ" ಅಂದರು. ಅಕ್ಕ ಅಡುಗೆಮನೆಗೆ ಹೋಗಿ ನಲ್ಲಿ ಜೋರಾಗಿ ಬಿಟ್ಟುಕೊಂಡರು. ಪಾತ್ರೆ ತೊಳೆದ ಸದ್ದು ಬರಲಿಲ್ಲ, ನೀರಿನ ಸದ್ದಷ್ಟೇ.

ಮೂರನೇ ಸಲ ಹುಡುಗಿ ಪಾಸಾದಳು. ಒಂದು ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ವ್ಯಾನ್ ಓಡಿಸುವ ಕೆಲಸ ಸಿಕ್ಕಿತು. ಕ್ಲಿನಿಕ್ಕಿನಿಂದ ಕ್ಲಿನಿಕ್ಕಿಗೆ ಹೋಗಿ ತಣ್ಣಗಿನ ಡಬ್ಬಿಗಳಲ್ಲಿ ಸೀಸೆಗಳನ್ನು ತರಬೇಕು. ಒಂದು ಸೀಸೆ ಅಲುಗಿದರೂ ಅವಳ ಜೀವ ಅಲುಗುತ್ತಿತ್ತು. ರಸ್ತೆಯ ಗುಂಡಿಗಳ ಮೇಲೆ ಅವಳಷ್ಟು ಮೆಲ್ಲಗೆ ಹೋಗುವವರನ್ನು ನಾನು ನೋಡಿಲ್ಲ. ಅದರಿಂದ ಟೈರಿಗೂ ಆಯುಷ್ಯ, ನನಗೆ ವ್ಯಾಪಾರ ನಷ್ಟ.

ಒಂದೂವರೆ ವರ್ಷದ ಮೇಲೆ ಅವಳೇ ಬಂದು ಕೂತು, "ಅಕ್ಕ, ನಾನೊಂದು ರೂಮ್ ಮಾಡ್ಲಾ?" ಅಂತ ಕೇಳಿದಳು. ಹೋಗಬೇಕಾಗುತ್ತದೆ ಅಂತ ಕಂಬಕ್ಕೆ ಗುದ್ದಿದ ಹುಡುಗಿ! ಅಕ್ಕ, "ಮಾಡು. ಬಾ, ನೋಡೋಣ" ಅಂದರು. ರೂಮ್ ನೋಡಲು ಅಜ್ಜಿಯೂ ಹೊರಟರು. ಸ್ಟೆಪ್ನಿಯ ಹಾಗೆ ಹಿಂದಿನ ಸೀಟಿನಲ್ಲಿ ನಾನು.

ರೂಮಿನ ಯಜಮಾನ ಅನುಮಾನದ ಮನುಷ್ಯ. ಒಂಟಿ ಹುಡುಗಿ, ತಂದೆ ಯಾರು, ತಾಯಿ ಯಾರು, ನಾಳೆ ಏನಾದರೂ ಆದರೆ ಯಾರನ್ನು ಕರೆಯಬೇಕು ಅಂತ ಕೇಳುತ್ತಾ ಹೋದ. ಹುಡುಗಿಯ ಮುಖ ಸಣ್ಣದಾಗುತ್ತಾ ಬಂತು.

"ನನ್ನ ಕರೀಬೇಕು" ಅಂದರು ಅಜ್ಜಿ.

"ನೀವು ಇವಳಿಗೆ ಏನಾಗ್ಬೇಕು?"

"ಅಜ್ಜಿ. ಇವಳು ದೊಡ್ಡಮ್ಮ. ಅವನು ಮಾವ. ಸಾಲದು ಅಂದ್ರೆ ಹೇಳಿ, ಇನ್ನೊಂದು ಕಾರು ತುಂಬ ಜನ ಕರ್ಕೊಂಡು ಬರ್ತೀನಿ. ಮೊದಲು ಆ ಬಚ್ಚಲಿನ ನಲ್ಲಿ ಸೋರ್ತಿದೆ, ಅದನ್ನ ಯಾವಾಗ ಸರಿಮಾಡಿಸ್ತೀರಾ ಹೇಳಿ."

ನಾನು ಮಾವನಾದದ್ದು ಹೀಗೆ, ಬಚ್ಚಲ ಬಾಗಿಲಲ್ಲಿ ನಿಂತಿದ್ದಾಗ. ರೂಮ್ ಸಿಕ್ಕಿತು. ನಲ್ಲಿಯೂ ಸರಿಯಾಯಿತು.

ಹೋದ ಹೊಸದರಲ್ಲಿ ಅವಳು ದಿನಾ ಫೋನ್ ಮಾಡುತ್ತಿದ್ದಳು. ಒಂದು ಶನಿವಾರ ಮಧ್ಯಾಹ್ನ ಬ್ಯಾಗ್ ಸಮೇತ ಬಂದು ಮೆಟ್ಟಿಲು ಹತ್ತಿದಳು. ಏನಾಯಿತು ಅಂತ ಯಾರೂ ಕೇಳಲಿಲ್ಲ. ಅಜ್ಜಿ ಹಾಸಿಗೆ ಕೊಡವಿದರು, ಅಕ್ಕ ತಟ್ಟೆ ಇಟ್ಟರು. ಅವಳು ಉಂಡು, ಮಲಗಿ, ಸೋಮವಾರ ಬೆಳಿಗ್ಗೆ ಎದ್ದು ವಾಪಸ್ ಹೋದಳು. ಏನೂ ಆಗಿರಲಿಲ್ಲ. ವಾಪಸ್ ಬಂದರೆ ಬಾಗಿಲು ತೆರೆಯುತ್ತದೋ ಇಲ್ಲವೋ ಅಂತ ಅವಳಿಗೆ ನೋಡಬೇಕಿತ್ತು, ಅಷ್ಟೇ. ಇದನ್ನು ಹೇಳುವಾಗ ಅಕ್ಕನ ಮುಖದಲ್ಲಿ ಇದ್ದ ಸಂತೋಷ ಪಾಸಾದ ದಿನವೂ ಇರಲಿಲ್ಲ.

ಸುದ್ದಿ ಇಲಾಖೆಗೆ ಮುಟ್ಟಿತು. ಆಮೇಲೆ ಆ ಕೋಣೆ ಖಾಲಿ ಇದ್ದದ್ದು ಕಡಿಮೆ. ಬಂದವರೆಲ್ಲ ಕ್ಲಚ್ಚಮ್ಮನ ಹಾಗಿರಲಿಲ್ಲ. ಒಬ್ಬ ಹುಡುಗನಿದ್ದ, ಮಾತೇ ಇಲ್ಲ. ಬಾಯಿ ತೆರೆದರೆ ಮುತ್ತು ಉದುರುತ್ತೇನೋ ಅನ್ನುವ ಭಯ ಅವನಿಗೆ ಅಂತ ಅಜ್ಜಿ ಅವನಿಗೆ ಮುತ್ತು ಅಂತಲೇ ಹೆಸರಿಟ್ಟರು. ನನ್ನ ಅಂಗಡಿಯಲ್ಲಿ ಕೆಲಸಕ್ಕೆ ಹಾಕಿಕೊಂಡೆ. ಕೈ ಚುರುಕು, ಕಣ್ಣು ಸದಾ ರಸ್ತೆಯ ಕಡೆ. ಒಂದು ದಿನ ಯಾರಿಗೂ ಹೇಳದೆ ಹೊರಟುಹೋದ. ಹಾಸಿಗೆ ಮಡಚಿಟ್ಟಿದ್ದ, ಅಷ್ಟೇ. ಅಕ್ಕ ಊರೆಲ್ಲ ಕಾರು ಓಡಿಸಿ ಹುಡುಕಿದರು. "ನಾನೆಲ್ಲಿ ತಪ್ಪಿದೆ ಹೇಳಿ" ಅಂತ ನನ್ನನ್ನು ಕೇಳಿದರು. ಅಜ್ಜಿ ಮಾತ್ರ, "ಹೋಗೋಕೆ ಕಾಲಿತ್ತು, ಹೋದ. ಬರೋಕೂ ಅದೇ ಕಾಲಿದೆ" ಅಂದರು. ಹಾಗಂದವರು ಎಷ್ಟೋ ದಿನ ಊಟದ ಹೊತ್ತಿಗೆ ಮೆಟ್ಟಿಲ ಕಡೆ ಕಿವಿಕೊಟ್ಟು ಕೂರುತ್ತಿದ್ದರು.

ಚಳಿಗಾಲ ಕಳೆದ ಮೇಲೆ ಒಂದು ಬೆಳಿಗ್ಗೆ ಗೊತ್ತಿಲ್ಲದ ನಂಬರಿನಿಂದ ಅಕ್ಕನಿಗೆ ಫೋನ್ ಬಂತು. ಅವರು ಆಗ ನನ್ನ ಅಂಗಡಿಯಲ್ಲಿ ಟೈರಿಗೆ ಗಾಳಿ ತುಂಬಿಸಿಕೊಳ್ಳುತ್ತಿದ್ದರು.

"ಅಕ್ಕ, ಮೊಟ್ಟೆ ಎಷ್ಟು ಹೊತ್ತು ಬೇಯಿಸ್ಬೇಕು?"

ಅಕ್ಕ ಕಣ್ಣು ಮುಚ್ಚಿಕೊಂಡರು. ಎಲ್ಲಿದ್ದೀಯಾ ಅಂತ ಕೇಳಲಿಲ್ಲ, ಯಾಕೆ ಹೋದೆ ಅಂತ ಕೇಳಲಿಲ್ಲ. "ನೀರು ಕುದಿಯೋಕೆ ಶುರುವಾದ ಮೇಲೆ ಹತ್ತು ನಿಮಿಷ. ಇಳಿಸಿದ ಕೂಡಲೇ ತಣ್ಣೀರಿಗೆ ಹಾಕು, ಸಿಪ್ಪೆ ಸಲೀಸಾಗಿ ಬರುತ್ತೆ" ಅಂದರು. ಆ ಕಡೆ "ಹ್ಞೂಂ" ಅಂತ ಕೇಳಿ ಫೋನ್ ಕಟ್ಟಾಯಿತು. ಅಕ್ಕ ನನ್ನ ಕಡೆ ತಿರುಗಿ, "ನನ್ನ ನಂಬರ್ ಇಟ್ಕೊಂಡಿದಾನೆ ಕಣಪ್ಪ" ಅಂದರು. ಅವನು ಇನ್ನೂ ಬಂದಿಲ್ಲ. ಆಗಾಗ ಫೋನ್ ಬರುತ್ತದೆ. ಒಮ್ಮೆ ಬಿಳಿ ಅಂಗಿಯ ಕಲೆ, ಒಮ್ಮೆ ಹಲ್ಲುನೋವು.

ಹೋದ ತಿಂಗಳು ಇಲಾಖೆಯವರು ಸಾಕುಮನೆಗಳವರನ್ನೆಲ್ಲ ಸೇರಿಸಿ ಒಂದು ಸಭೆ ಮಾಡಿದರು. ಅಕ್ಕ ಮಾತಾಡಬೇಕು ಅಂತ ಕರೆದರು. ಅಜ್ಜಿಯೂ ನಾನೂ ಜೊತೆಗೆ ಹೋದೆವು, ಕ್ಲಚ್ಚಮ್ಮ ಲ್ಯಾಬಿನ ವ್ಯಾನಿನಲ್ಲೇ ಬಂದಳು. ಮೈಕ್ ಮುಂದೆ ಅಕ್ಕನ ಬಲಗಾಲು ವೇದಿಕೆಯನ್ನು ಒತ್ತುತ್ತಿದ್ದದ್ದು ನನಗೆ ಕಾಣುತ್ತಿತ್ತು. "ನಾನೇನೂ ದೊಡ್ಡ ಕೆಲಸ ಮಾಡಿಲ್ಲ. ನನಗೆ ಒಬ್ಬರು ಬಾಗಿಲು ತೆಗೆದ್ರು. ನಾನು ಅದನ್ನ ಮುಚ್ಚೋಕೆ ಮರೆತೆ" ಅಂದು, ಅಷ್ಟಕ್ಕೇ ಇಳಿದುಬಂದರು. ಮುಂದಿನ ಸಾಲಿನಲ್ಲಿದ್ದ ಅಜ್ಜಿ, "ಇಷ್ಟಕ್ಕೆ ಹೊಸ ಸೀರೆ ಉಟ್ಕೊಂಡು ಬಂದ್ಯಾ?" ಅಂದದ್ದು ಮೈಕಿಗೂ ಕೇಳಿಸಿತು. ಎಲ್ಲರೂ ನಕ್ಕರು.

ಟೀ ಹೊತ್ತಿನಲ್ಲಿ ಒಬ್ಬ ಹೆಂಗಸು ನಮ್ಮ ಹತ್ತಿರ ಬಂದು ನಿಂತಳು. ಅವಳ ಕೈ ಹಿಡಿದ ಇಬ್ಬರು ಮಕ್ಕಳು, ಅಣ್ಣ ತಂಗಿ. ಕ್ಲಚ್ಚಮ್ಮ ಕೈಯಲ್ಲಿದ್ದ ಕಪ್ಪನ್ನು ಕೆಳಗಿಟ್ಟಳು. ಅವಳನ್ನು ಸಾಕಿದ ತಾಯಿ. ಆ ಹೆಂಗಸೇ ಮೊದಲು, "ಎಷ್ಟು ಸಣ್ಣ ಆಗಿದೀಯಾ. ಊಟ ಮಾಡ್ತಿದೀಯಾ ಇಲ್ವಾ?" ಅಂದಳು.

"ಮಾಡ್ತಿದೀನಿ ಅಮ್ಮ."

"ನೀನು ಹೋದ ದಿನ ನಾನು ಏನೂ ಹೇಳ್ಲಿಲ್ಲ. ಬಂದು ಹೋಗ್ತಿರು ಅಂತ ಹೇಳ್ಬೇಕಿತ್ತು. ಹೇಳ್ಬಹುದೋ ಇಲ್ವೋ ಅಂತಾನೂ ಗೊತ್ತಿರ್ಲಿಲ್ಲ. ನಿನಗೆ ಇನ್ನು ನಾನ್ಯಾಕೆ ಅಂದ್ಕೊಂಡೆ."

"ನಾನೂ ಹಾಗೇ ಅಂದ್ಕೊಂಡೆ" ಅಂದಳು ಹುಡುಗಿ.

ಪುಟ್ಟ ಹುಡುಗಿ ಇವಳ ಕುರ್ತಾ ಎಳೆದು, "ನಮ್ಮ ರೂಮಿನ ಗೋಡೆ ಮೇಲೆ ನಕ್ಷತ್ರ ಅಂಟಿಸಿದ್ದು ನೀನಾ?" ಅಂತ ಕೇಳಿತು. ಹೌದು ಅಂದಳು. ಆಮೇಲೆ ಇಬ್ಬರನ್ನೂ ಕರೆದುಕೊಂಡು ವ್ಯಾನ್ ತೋರಿಸಲು ಹೋದಳು. ಸಾಕಿದ ತಾಯಿ ಅಕ್ಕನ ಪಕ್ಕದಲ್ಲೇ ಕೂತು ತುಂಬ ಹೊತ್ತು ಮಾತಾಡಿದಳು. ಈ ಮಕ್ಕಳು ದೊಡ್ಡವರಾದ ಮೇಲೆ ಹೇಗೆ, ಏನು ಅಂತೆಲ್ಲ ಕೇಳಿದಳು.

ಮುಂದಿನ ಭಾನುವಾರ ಕ್ಲಚ್ಚಮ್ಮ ಸಾಕಿದ ತಾಯಿಯ ಮನೆಗೆ ಊಟಕ್ಕೆ ಹೋದಳು. ನಮ್ಮ ಅಜ್ಜಿಗೆ ಇದರಿಂದ ಸ್ವಲ್ಪ ಹೊಟ್ಟೆಕಿಚ್ಚು. "ಅಲ್ಲಿ ಅಡುಗೆ ಹೇಗಿತ್ತಂತೆ?" ಅಂತ ನನ್ನನ್ನು ಕೇಳಿದರು. ಚೆನ್ನಾಗಿತ್ತಂತೆ ಅಂದೆ. "ಇರ್ಲಿ ಬಿಡು" ಅಂದರು. "ಹುಡುಗಿಗೆ ಎರಡು ಮನೆ ಆಯ್ತು. ಒಂದೂ ಇಲ್ಲದೆ ಬಂದವಳು." ಆಮೇಲೆ ಸೊಸೆಯನ್ನು ಕೂಗಿ, ಕೋಣೆಗೆ ಹೊಸದಾಗಿ ಬಂದಿರುವ ಹುಡುಗನಿಗೆ ಟೀಗೆ ಸಕ್ಕರೆ ಹೆಚ್ಚು ಬೇಕಂತೆ, ನಾಚಿಕೊಂಡು ಹೇಳುತ್ತಿಲ್ಲ, ಒಂದು ಚಮಚ ಜಾಸ್ತಿ ಹಾಕು ಅಂದರು.